ಕೂಡದ ಕೋಳಿ

ಶಿವಪುತ್ರಪ್ಪನಿಗೆ ಕೋಳಿಯ ಬಗ್ಗೆ ಗೊತ್ತಿದ್ದದ್ದು ಒಂದೇ: ಇರಾನಿ ಹೋಟೆಲಿನ ಆಮ್ಲೆಟ್. ಅವನು ಬಿಜಾಪುರ ಕಡೆಯ ಲಿಂಗಾಯತ, ಪರೇಲಿನ ಮಿಲ್ಲೊಂದರಲ್ಲಿ ಕಾರಕೂನ. ಆಮ್ಲೆಟ್ಟನ್ನು ಕದ್ದು ತಿನ್ನುತ್ತಿದ್ದ. ಕದ್ದು ಎಂಬುದು ಅವನ ನಂಬಿಕೆ. ಅವನಿದ್ದ ಆಂಟಾಪ್ ಹಿಲ್ಲಿನ ಇಡೀ ಚಾಳಿಗೆ ಅದು ಗೊತ್ತಿತ್ತು. ಅಂಥವನ ಮುಂದೆ ಅಂಬವ್ವ ಕೋಳಿಮರಿ ತರಿಸುವ ಕಾಗದ ಹಿಡಿದು ಕೂತದ್ದು ಒಂದೇ ಕಾರಣಕ್ಕೆ. ಚಾಳಿನಲ್ಲಿ ಇಂಗ್ಲಿಷ್ ಓದಬಲ್ಲವನು ಅವನೊಬ್ಬನೇ, ಅದಕ್ಕೇ ಎಲ್ಲರಿಗೂ ಮಾಸ್ತರ.

ಅಂಬವ್ವ ಗಂಡ ಸತ್ತವಳು. ಎಂಟು ವರ್ಷದಿಂದ ಸಯನ್ನಿನ ಮೂರು ಮನೆಗಳಲ್ಲಿ ಪಾತ್ರೆ ತಿಕ್ಕಿ ಅವಳ ಬೆರಳ ಸಂದುಗಳು ಹುಣ್ಣಾಗಿದ್ದವು. ದಿನಾ ಬೆಳಿಗ್ಗೆ ಹತ್ತು ತಾಜಾ ಮೊಟ್ಟೆ ತಪ್ಪದೆ ತಂದರೆ ಅವಳಿಂದಲೇ ಕೊಳ್ಳುತ್ತೇನೆ ಎಂದು ಸ್ಟೇಷನ್ ಎದುರಿನ ಇರಾನಿ ಮಾತು ಕೊಟ್ಟಿದ್ದ. ತಪ್ಪಿದರೆ ಬೇರೆಯವರು. ಊರ ಕೋಳಿ ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂತುಬಿಡುತ್ತದೆ, ಮತ್ತೆ ಎರಡು ತಿಂಗಳು ಮೊಟ್ಟೆಯ ಮಾತಿಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಪುಣೆ ಕಡೆಯಿಂದ ವಿಲಾಯತಿ ಜಾತಿಯ ಮರಿ ತರಿಸುವ ಯೋಚನೆ.

"ಯಾವ್ದು ಬಿಡದಂಗ ತತ್ತಿ ಇಡ್ತೈತಿ, ಅಷ್ಟ ನೋಡಿ ಹೇಳ್ರಿ ಮಾಸ್ತರ."

ಕಾಗದದ ಪಟ್ಟಿಯಲ್ಲಿ ಎರಡು ಜಾತಿ ಇದ್ದವು. ಬಿಳಿ ಲೆಗ್‌ಹಾರ್ನ್ ಮುಂದೆ 'ನಾನ್ ಸಿಟರ್' ಎಂದಿತ್ತು, ಸಸೆಕ್ಸ್ ಮುಂದೆ 'ಗುಡ್ ಸಿಟರ್'. ಸಿಟ್ ಎಂದರೆ ಕೂಡು. ಮೂರನೇ ಇಯತ್ತೆಯ ಇಂಗ್ಲಿಷು. ಇಷ್ಟಕ್ಕೆ ಡಿಕ್ಷನರಿ ಯಾಕೆ?

"ಬಿಳೇದು ಒಂದ ಕಡೆ ಕೂಡಂಗಿಲ್ಲ ಅಂಬಕ್ಕ. ಬರೇ ಅಡ್ಡಾಡೂ ಜಾತಿ. ಈ ಸಸೆಕ್ಸ್ ಚೊಲೋ ಕೂಡ್ತೈತಿ."

"ಹಂಗಾರ ಬಿಳೇದು ಬ್ಯಾಡೇ ಬ್ಯಾಡ. ಹಿಂದ ರೇಲ್ವೆ ಲೈನ್ ಐತಿ, ಲೋಕಲ್ ಅಡಿಗೆ ಹೋಗಿ ಸಾಯ್ತಾವ. ಇದು ತತ್ತಿ ಇಡ್ತೈತಿಲ್ಲ?"

"ಕೋಳಿ ತತ್ತಿ ಇಡದ ಮತ್ತೇನ್ ಇಡ್ತೈತಿ?"

ಪಕ್ಕದ ಖೋಲಿಯ ಚೆನ್ನಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಉಡುಪಿ ಕಡೆಯವನು, ಹೋಟೆಲಿನಲ್ಲಿ ಮಾಣಿ. "ಮಾಸ್ಟ್ರೇ, ನಮ್ಮ ಧಣಿ ಚೆಂಬೂರಿನಲ್ಲಿ ಸಾಕಿದ್ದು ಬಿಳಿಯದ್ದೇ ಮಾರಾಯ್ರೆ. ವರ್ಷ ಇಡೀ ಮೊಟ್ಟೆ."

"ನೀ ಇಡ್ಲಿ ಚಿಂತಿ ಮಾಡು ಚೆನ್ನಯ. ಇದು ಅಚ್ಚಾಗಿದ್ದು, ಬಾಯಿಮಾತಲ್ಲ."

"ಆಯ್ತಪ್ಪ, ಆಮ್ಲೆಟ್ ಪಂಡಿತರೇ ಹೇಳಿದ ಮೇಲೆ ನಮ್ಮದೆಂತದು!" ಚೆನ್ನಯ ನಕ್ಕ. ಅಂಬವ್ವನೂ ಸೆರಗು ಬಾಯಿಗಿಟ್ಟು ನಕ್ಕಳು. ಶಿವಪುತ್ರಪ್ಪ ಪೆನ್ನು ಒತ್ತಿ ಬರೆದ: ಸಸೆಕ್ಸ್, ನಲವತ್ತು ಮರಿ.

ಹತ್ತು ದಿನದ ನಂತರ ದಾದರಿನ ಲೈಬ್ರರಿಯಲ್ಲಿ ಯಾವುದೋ ಪುಸ್ತಕ ಹುಡುಕುವಾಗ ಕೋಳಿ ಸಾಕಣೆಯದೊಂದು ಕೈಗೆ ಸಿಕ್ಕಿತು. ಸುಮ್ಮನೆ ತೆರೆದ. ಸಿಟರ್ ಅಂದರೆ ಕಾವಿಗೆ ಕೂಡುವ ಕೋಳಿ. ದಿನನಿತ್ಯದ ಮೊಟ್ಟೆಗೆ ಕಾವಿಗೆ ಕೂಡದ ಜಾತಿಯನ್ನೇ ಆರಿಸಬೇಕು, ಲೆಗ್‌ಹಾರ್ನ್ ಅಂಥದ್ದು. ಅವನು ಆ ಪುಟವನ್ನು ಎರಡು ಸಲ ಓದಿದ. ಎರಡನೆಯ ಸಲವೂ ಅದೇ ಇತ್ತು.

ಹೊತ್ತು ಮೀರಿರಲಿಲ್ಲ. ಮರಿ ಬರುವುದು ಸಂಕ್ರಾಂತಿಗೆ, ಇನ್ನೂ ಒಂದು ತಿಂಗಳು. ಆರ್ಡರು ಬದಲಿಸಬೇಕಾದರೆ ಹದಿನೈದು ದಿನ ಮೊದಲು ತಿಳಿಸಿ ಎಂದು ಪಟ್ಟಿಯ ಕೆಳಗೇ ಅಚ್ಚಾಗಿತ್ತು. ಅವನು ಪೋಸ್ಟಿನಲ್ಲಿ ಕಾರ್ಡು ಕೊಂಡ.

ಚಾಳಿಗೆ ಬಂದರೆ ಅಂಬವ್ವ ಚಹದ ಖಾಲಿ ಪೆಟ್ಟಿಗೆಗಳಿಂದ ಗೂಡು ಕಟ್ಟಿಸುತ್ತಿದ್ದಳು. ಮೊಳೆ ಹೊಡೆಯುತ್ತಿದ್ದವನು ಚೆನ್ನಯ. "ಬನ್ನಿ ಮಾಸ್ಟ್ರೇ, ನಿಮ್ಮ ಕೋಳಿಗೆ ಕುರ್ಚಿಯೂ ಹಾಕುವನಾ? ಕೂತುಕೊಳ್ಳುವ ಜಾತಿ ಅಲ್ವಾ!" ನಳದ ಹತ್ತಿರ ನಿಂತವರೆಲ್ಲ ನಕ್ಕರು. ಈಗ ಬಾಯಿ ಬಿಟ್ಟರೆ ಈ ನಗೆ ವರ್ಷಗಟ್ಟಲೆ ನಡೆಯುತ್ತದೆ. ನಾಳೆ ಬರೆದರಾಯಿತು ಎಂದುಕೊಂಡ. ಕಾರ್ಡು ಯಾವುದೋ ಪುಸ್ತಕದ ನಡುವೆ ಪುಟದ ಗುರುತಾಗಿ ಉಳಿಯಿತು. ದಿನ ಮೀರಿತು.

ನಲವತ್ತರಲ್ಲಿ ಹದಿನೇಳು ಹೇಂಟೆ ಉಳಿದವು. ಮಳೆಗಾಲದಲ್ಲಿ ಮೊಟ್ಟೆ ಶುರುವಾಯಿತು, ದಿನಕ್ಕೆ ಹತ್ತು, ಹನ್ನೊಂದು. ಅಂಬವ್ವ ಮೊದಲು ಒಂದು ಮನೆ ಬಿಟ್ಟಳು, ಆಮೇಲೆ ಮೂರನ್ನೂ. ಬೆರಳ ಹುಣ್ಣು ಮಾಯ್ದವು. ಶಿವಪುತ್ರಪ್ಪ ಪುಸ್ತಕದ್ದೇ ಸುಳ್ಳಿರಬಹುದು ಎಂದುಕೊಂಡು ಒಂದೆರಡು ತಿಂಗಳು ನಿದ್ದೆ ಮಾಡಿದ.

ಗಣಪತಿ ಹಬ್ಬ ಮುಗಿಯುತ್ತಲೂ ಕೋಳಿಗಳು ಕೂತವು. ಒಂದರ ಹಿಂದೊಂದು ಗೂಡಿನ ಮೂಲೆ ಹಿಡಿದು, ಗರಿ ಉಬ್ಬಿಸಿ, ಕೈ ಹಾಕಿದರೆ ಕುಕ್ಕತೊಡಗಿದವು. ಕಾವು ಬಿಡಿಸಲು ಅಂಬವ್ವ ಅವನ್ನು ಬಾಲ್ದಿ ನೀರಿನಲ್ಲಿ ಮುಳುಗಿಸಿದಳು, ಬುಟ್ಟಿಯಡಿ ಕವುಚಿದಳು. ಒಂದು ಎದ್ದರೆ ಎರಡು ಕೂತವು. ಮೊಟ್ಟೆ ನಾಲ್ಕಕ್ಕಿಳಿಯಿತು, ಎರಡಕ್ಕಿಳಿಯಿತು. ಇರಾನಿ ಒಂದು ವಾರ ಕಾಯ್ದು ಬೇರೆಯವನನ್ನು ಗೊತ್ತುಮಾಡಿದ. ಸಯನ್ನಿನ ಎರಡು ಮನೆಗಳಲ್ಲಿ ಆಗಲೇ ಬೇರೆ ಹೆಂಗಸರಿದ್ದರು. ಮೂರನೆಯವರು ಮತ್ತೆ ಸೇರಿಸಿಕೊಂಡರು, ಆದರೆ ಸಂಡಾಸವನ್ನೂ ತೊಳೆಯಬೇಕು.

ಭಾನುವಾರ ಬೆಳಿಗ್ಗೆ ಕೆಲಸಕ್ಕೆ ಹೊರಟವಳು ಅವನ ಖೋಲಿಗೆ ಬಂದು ಮಂಚದ ಮೇಲೆ ಎರಡು ಮೊಟ್ಟೆ ಇಟ್ಟಳು.

"ತಿನ್ರಿ ಮಾಸ್ತರ. ಯಾರಿಗೂ ಹೇಳಂಗಿಲ್ಲ ಬಿಡ್ರಿ. ನೀವು ಚೊಲೋ ಕೂಡ್ತಾವ ಅಂದಿದ್ರಿ, ಖರೇನ ಕೂತ್ವು ನೋಡ್ರಿ!" ಎಂದು ತಾನೇ ನಕ್ಕಳು. "ನನ್ನ ಹಣೀಬರಾನ ಹಂಗೈತಿ."

"ಹಣೀಬರ ಅಲ್ಲ ಅಂಬಕ್ಕ. ಕಾವಿಗೆ ಕೂಡ್ತೈತಿ ಅಂತ ಬರದಿತ್ತು. ನಾ ತಪ್ಪ ಓದಿದೆ."

ಅವಳು ಬಾಗಿಲ ಕಡೆ ತಿರುಗಿದಳು. "ಹೋಗ್ಲಿ ಬಿಡ್ರಿ. ಕೋಳಿ ಸಾಕಿದವ್ರಲ್ಲ, ನಿಮಗೇನ್ ಗೊತ್ತಾಗ್ಬೇಕು? ಗೊತ್ತಿಲ್ಲದ ಆದದ್ದಕ್ಕ ಯಾರೇನ್ ಮಾಡ್ತಾರ."

ಅಲ್ಲಿಗೇ ಬಿಡಬಹುದಿತ್ತು. ಅವಳು ಬಾಗಿಲವರೆಗೂ ಹೋಗಿದ್ದಳು.

"ಗೊತ್ತಾಗಿತ್ತು," ಎಂದ ಶಿವಪುತ್ರಪ್ಪ. "ಮರಿ ಬರೂಕಿಂತ ತಿಂಗಳ ಮೊದಲ. ಒಂದು ಕಾರ್ಡ್ ಹಾಕಿದ್ರ ಬಿಳೇದು ಬರ್ತಿದ್ವು. ಕಾರ್ಡೂ ತಂದಿದ್ದೆ."

"ಮತ್ಯಾಕ ಹಾಕ್ಲಿಲ್ಲ?"

"ಚೆನ್ನಯ ನಗ್ತಾನಂತ."

"ನಗ್ತಾನಂತ," ಎಂದಳು ಅಂಬವ್ವ. ತಿರುಗಿ ಬಂದು ಮಂಚದ ಮೇಲಿನ ಎರಡೂ ಮೊಟ್ಟೆ ತೆಗೆದುಕೊಂಡಳು, ಒಡೆಯದ ಹಾಗೆ ಸೆರಗಿನ ತುದಿಗೆ ಕಟ್ಟಿಕೊಂಡಳು. ಸಯನ್ನಿಗೆ ಹೊತ್ತಾಗಿತ್ತು.