ಎರಡು ಹೋಟೆಲಿನ ಮಧುಚಂದ್ರ

ಔಷಧಿ ಅಂಗಡಿಯ ಒಡತಿಗೆ ಬೀದಿಯ ಮಕ್ಕಳು ಇಟ್ಟ ಹೆಸರು ಗುಳಿಗೆ ಮೇಡಂ. ಡ್ರೈವಿಂಗ್ ಸ್ಕೂಲಿನ ಯಜಮಾನರಿಗೆ ಅದೇ ಮಕ್ಕಳು ಇಟ್ಟ ಹೆಸರು ಬ್ರೇಕ್ ಮೇಷ್ಟ್ರು. ಬಸ್ಸಿನಲ್ಲಿ ಕೂತಿರಲಿ, ಸೋಫಾದ ಮೇಲೆ ಕೂತು ಟಿವಿ ನೋಡುತ್ತಿರಲಿ, ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇರುತ್ತಿತ್ತು. ಇಬ್ಬರೂ ಐವತ್ತು ದಾಟಿದವರು, ಇಬ್ಬರೂ ಜೊತೆಗಾರರನ್ನು ಕಳೆದುಕೊಂಡವರು. ಮೇಷ್ಟ್ರು ಮೊದಲು ರಕ್ತದೊತ್ತಡದ ಮಾತ್ರೆ ಮುಗಿದಾಗ ಅಂಗಡಿಗೆ ಬರುತ್ತಿದ್ದರು, ಆಮೇಲೆ ಮುಗಿಯುವ ಮೊದಲೇ ಬರತೊಡಗಿದರು, ಆಮೇಲೆ ಮಾತ್ರೆಯ ನೆಪವನ್ನೂ ಬಿಟ್ಟರು. ಹೀಗೆ ಒಂದು ದಿನ ಇಬ್ಬರೂ ನೋಂದಣಿ ಕಚೇರಿಗೆ ಹೋಗಿ ರುಜು ಹಾಕಿ ಗಂಡ ಹೆಂಡತಿಯಾದರು.

ಮದುವೆಯೇನೋ ಸಲೀಸಾಗಿ ಮುಗಿಯಿತು. ಸಂಸಾರ ಹೂಡುವುದು ಅಷ್ಟು ಸಲೀಸಾಗಿರಲಿಲ್ಲ. ಅಂಗಡಿಯ ಮೇಲಿನ ಮನೆಯಲ್ಲಿ ಮೇಡಮ್ಮಿನ ಮಗಳಿದ್ದಳು, ವಿಮಾನ ಕಂಪನಿಯ ಟಿಕೆಟ್ ಕೌಂಟರಿನಲ್ಲಿ ಕೆಲಸ. ಮೇಷ್ಟ್ರ ಜೊತೆ ಅವರ ಮಗನೂ ಬಂದ, ಪುಸ್ತಕಗಳಿಗೆ ಮುಖಪುಟ ಬಿಡಿಸುವವನು. ಕೋಣೆಗಳು ಮೂರು, ಗೋಡೆಗಳು ತೆಳು, ಬಚ್ಚಲು ಒಂದೇ. ಮಗಳು ಮತ್ತು ಮಗ ಪರಸ್ಪರ ಆಡುತ್ತಿದ್ದ ಮಾತೆಲ್ಲ ಆ ಬಚ್ಚಲಿನ ಬಾಗಿಲಾಚೆ ಈಚೆ ನಿಂತು ಆಡಿದ್ದು. ಮಗಳು ಮೇಷ್ಟ್ರನ್ನು ಅಂಕಲ್ ಎಂದು ಕರೆದು ಹಗುರಾಗಿದ್ದಳು. ಮಗನಿಗೆ ಮೇಡಮ್ಮನ್ನು ಅಮ್ಮ ಎನ್ನಲು ಬಾಯಿ ಬರುತ್ತಿರಲಿಲ್ಲ, ಆಂಟಿ ಎನ್ನಲು ಮನಸ್ಸು ಒಪ್ಪುತ್ತಿರಲಿಲ್ಲ. ಹಾಗಾಗಿ ಅವರೆದುರು ಬಂದಾಗ ಮೆಲ್ಲಗೆ ಕೆಮ್ಮುತ್ತಿದ್ದ. ಆ ಕೆಮ್ಮೇ ಸಂಬೋಧನೆ.

ಇನ್ನು ಗಂಡ ಹೆಂಡತಿಯ ವಿಷಯಕ್ಕೆ ಬಂದರೆ, ಅವರೂ ಅಂಗಡಿಯ ಕಟ್ಟೆಯ ಆಚೆ ಈಚೆ ನಿಂತ ಕಾಲದ ‘ನೀವು’, ‘ಬನ್ನಿ’, ‘ಹೋಗಿ’ಗಳಲ್ಲೇ ಉಳಿದಿದ್ದರು. ನಾಲ್ಕು ಜನ ಓಡಾಡುವ ಮನೆಯಲ್ಲಿ ಸಲಿಗೆಗೆ ಜಾಗವೆಲ್ಲಿ?

ಒಂದು ಮಧ್ಯಾಹ್ನ ಮಗಳು ಅಂಗಡಿಗೆ ಬಂದು, ಬರುವ ವಾರದ ಕೊನೆಗೆ ಕಡಲೂರಿನ ದೊಡ್ಡ ಹೋಟೆಲಿನಲ್ಲಿ ಅಮ್ಮನಿಗೂ ಅಂಕಲ್‌ಗೂ ಕೋಣೆ ಕಾಯ್ದಿರಿಸಿದ್ದೇನೆ, ಅಂಕಲ್‌ಗೆ ನೀನೇ ಹೇಳು, ಬೇರೆಯವರ ಹತ್ತಿರ ಸುದ್ದಿ ಬೇಡ ಎಂದಳು. ಬೇರೆಯವರು ಎಂದರೆ ಯಾರು ಎಂದು ಕೇಳುವ ಅಗತ್ಯವಿರಲಿಲ್ಲ. ಮೇಡಮ್ಮಿಗೆ ಕಣ್ಣು ಒದ್ದೆಯಾಯಿತು. ಮರುದಿನ ಬೆಳಗ್ಗೆ ಚಹಾ ಕುಡಿಯುವಾಗ ಅವರು ಗಂಡನಿಗೆ ವಿಷಯ ತಿಳಿಸಿದರು. ಮೇಷ್ಟ್ರ ಮುಖ ಅರಳುವ ಬದಲು ಬಿಳಿಚಿಕೊಂಡಿತು. ಹಿಂದಿನ ಸಂಜೆಯಷ್ಟೇ ಮಗನೂ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು, ಅದೇ ಕಡಲೂರಿನ ಒಂದು ಪುಟ್ಟ ಹೋಟೆಲಿನಲ್ಲಿ, ಅದೇ ಎರಡು ದಿನಕ್ಕೆ, ಇಬ್ಬರಿಗೂ ಕೋಣೆ ಹಿಡಿದಿರುವುದಾಗಿ ಹೇಳಿದ್ದ. ದುಡ್ಡೂ ಪೂರ್ತಿ ಕಟ್ಟಿಯಾಗಿತ್ತು.

“ಮದುವೆ ಆದ್ಮೇಲೆ ಅವನು ನಮಗೆ ಅಂತ ಮಾಡಿದ ಮೊದಲ್ನೇ ಕೆಲಸ ಇದು,” ಎಂದರು ಮೇಷ್ಟ್ರು. “ಬೇಡ ಅಂದ್ರೆ ಮತ್ತೆ ಚಿಪ್ಪಿನೊಳಗೆ ಹೋಗ್ತಾನೆ.”

ಬೇಡ ಎಂದರೆ ತಮ್ಮ ಮಗಳು ಚಿಪ್ಪಿನೊಳಗೆ ಹೋಗುವುದಿಲ್ಲ, ಚಿಪ್ಪನ್ನೇ ಎತ್ತಿ ಎಸೆಯುತ್ತಾಳೆ ಎಂದರು ಮೇಡಂ. ಕೊನೆಗೆ ಉಪಾಯ ಹೊಳೆದದ್ದು ಮೇಡಮ್ಮಿಗೆ. ಎರಡೂ ಕಡೆ ಇರೋಣ, ಎರಡೂ ಕಡೆ ಫೋಟೋ ತೆಗೆಯೋಣ, ಅವರವರ ಹೋಟೆಲಿನದ್ದನ್ನು ಅವರವರಿಗೆ ಕಳಿಸೋಣ. ಹೇಗೂ ಅವರಿಬ್ಬರೂ ಮಾತಾಡುವುದಿಲ್ಲ, ಗುಟ್ಟು ಹೊರಗೆ ಬೀಳುವ ಭಯವಿಲ್ಲ.

ಹೀಗೆ ಶನಿವಾರ ಮಧ್ಯಾಹ್ನ ಇಬ್ಬರೂ ಬಸ್ಸಿಳಿದು ಮೊದಲು ದೊಡ್ಡ ಹೋಟೆಲಿಗೆ ಹೋದರು. ಗಾಜಿನ ಬಾಗಿಲು ತಾನಾಗಿ ತೆರೆದುಕೊಂಡಿತು. ಒಳಗಿನ ಹಜಾರದಲ್ಲಿ ಅವರ ಇಡೀ ಬೀದಿಯೇ ಹಿಡಿಯುವಷ್ಟು ಜಾಗವಿತ್ತು. ಕೋಣೆ ಮಗಳ ಹೆಸರಿನಲ್ಲಿದ್ದುದರಿಂದ ಅಲ್ಲಿದ್ದವರೆಲ್ಲ ಮೇಡಮ್ಮನ್ನು ಮಗಳ ಹೆಸರಿನಿಂದಲೇ ಕರೆದು, ತಣ್ಣನೆಯ ಕರವಸ್ತ್ರ ಕೊಟ್ಟು, ಮೇಷ್ಟ್ರ ಹಳೆಯ ಚೀಲವನ್ನು ಮಗುವಿನಂತೆ ಎತ್ತಿಕೊಂಡು ಹೋದರು. ಮೇಲೆ ಕೋಣೆಯಲ್ಲಿ ದಿಂಬುಗಳಿಗೇ ಒಂದು ಪಟ್ಟಿ ಇತ್ತು. ಕುತ್ತಿಗೆ ನೋವಿನವರಿಗೆ ಒಂದು, ಗೊರಕೆ ಹೊಡೆಯುವವರಿಗೆ ಒಂದು, ಗೊರಕೆ ಹೊಡೆಯುವವರ ಪಕ್ಕ ಮಲಗುವವರಿಗೆ ಇನ್ನೊಂದು. ಮೇಡಂ ಅದನ್ನು ಔಷಧಿಯ ಚೀಟಿಯಂತೆ ಮೊದಲಿನಿಂದ ಕೊನೆಯವರೆಗೆ ಓದಿ, ಅಡ್ಡ ಪರಿಣಾಮಗಳನ್ನು ಬರೆದಿಲ್ಲವಲ್ಲ ಎಂದು ಆಕ್ಷೇಪಿಸಿದರು. ಬಚ್ಚಲಿನ ಗೋಡೆ ಪೂರ್ತಿ ಗಾಜು. ಪರದೆ ಎಳೆಯುವ ಗುಂಡಿ ಸಿಗುವವರೆಗೂ ಇಬ್ಬರೂ ಕಿಟಕಿಯ ಕಡೆ ಮುಖ ಮಾಡಿ, ಕಾಣದ ಹಡಗುಗಳ ಬಗ್ಗೆ ಗಂಭೀರವಾಗಿ ಮಾತಾಡಿದರು. ಆಮೇಲೆ ಫೋಟೋ ತೆಗೆದು ಮಗಳಿಗೆ ಕಳಿಸಿದರು.

ಕಡಲ ದಂಡೆಯ ಉದ್ದಕ್ಕೂ ಕಲ್ಲಿನ ತಡೆಗೋಡೆ, ಅದರ ಪಕ್ಕ ಕಾಲುದಾರಿ. ಅದರ ಇನ್ನೊಂದು ತುದಿಯಲ್ಲಿ ಪುಟ್ಟ ಹೋಟೆಲು. ಮೊದಲು ಅದು ಅಂಚೆ ಕಚೇರಿಯಾಗಿತ್ತಂತೆ. ಕೋಣೆಗಳಿಗೆ ನಂಬರಿಲ್ಲ, ಹಕ್ಕಿಗಳ ಹೆಸರು. ಇವರಿಗೆ ಸಿಕ್ಕಿದ್ದು ಗೂಬೆ. ಕೋಣೆಯ ನಟ್ಟನಡುವೆ, ಊಟದ ಮೇಜು ಇರಬೇಕಾದ ಜಾಗದಲ್ಲಿ, ಸ್ನಾನದ ತೊಟ್ಟಿ.

“ಈ ಊರಲ್ಲಿ ಮುಚ್ಚಿಕೊಂಡು ಸ್ನಾನ ಮಾಡೋ ಅಭ್ಯಾಸ ಯಾರಿಗೂ ಇಲ್ವಾ?” ಎಂದರು ಮೇಷ್ಟ್ರು.

ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಲ್ಲಿನ ಒಡತಿ ನಾರಿನ ಚಪ್ಪಲಿ ಹಾಕಿದ, ಮಾತಿಗೆ ಬರವಿಲ್ಲದ ಹೆಂಗಸು. ಒಂದೊಂದು ಕುರ್ಚಿಯ ಪೂರ್ವಾಪರವನ್ನೂ ಬಲ್ಲವರು. ಹೊರಗಿನ ದೀಪದ ಕಂಬದ ಕತೆ ಹೇಳಿ ಮುಗಿಸುವಷ್ಟರಲ್ಲಿ ಚಹಾ ಆರಿತ್ತು. ಆದರೆ ಅವರು ಸ್ವತಃ ಸುಟ್ಟ ಬ್ರೆಡ್ಡಿನ ಘಮಕ್ಕೆ ಎಂಥ ಕತೆಯನ್ನಾದರೂ ಕ್ಷಮಿಸಬಹುದಿತ್ತು. ಫೋಟೋ ತೆಗೆದು ಮಗನಿಗೆ ಕಳಿಸಿ, ಸ್ವಲ್ಪ ಗಾಳಿಗೆ ಹೋಗಿ ಬರುತ್ತೇವೆ ಎಂದು ಇಬ್ಬರೂ ಮತ್ತೆ ದೊಡ್ಡ ಹೋಟೆಲಿನ ದಾರಿ ಹಿಡಿದರು. ಊಟವೂ ಆ ರಾತ್ರಿಯ ನಿದ್ದೆಯೂ ಅಲ್ಲೇ ಎಂದು ಮೊದಲೇ ತೀರ್ಮಾನವಾಗಿತ್ತು.

ಭಾನುವಾರ ಎದ್ದ ಮೇಲೆ ನಿಜವಾದ ಓಟ ಶುರುವಾಯಿತು. ದೊಡ್ಡ ಹೋಟೆಲಿನ ತಿಂಡಿಗೆ ಹೋಗದಿದ್ದರೆ ಮಗಳಿಗೆ ಫೋಟೋ ಇಲ್ಲ. ಪುಟ್ಟ ಹೋಟೆಲಿನ ತಿಂಡಿಗೆ ಹೋಗದಿದ್ದರೆ ಒಡತಿ ಏನೆಂದುಕೊಂಡಾರು? ದೊಡ್ಡ ಹೋಟೆಲಿನಲ್ಲಿ ಮೊಟ್ಟೆ, ಹಣ್ಣು, ಒಂದು ರಾಶಿ ಬನ್ನುಗಳನ್ನು ದಾಟಿ ಹೊರಬೀಳುವಷ್ಟರಲ್ಲಿ ಹೊತ್ತು ಮೀರಿತ್ತು. ರಸ್ತೆ ದಾಟುವಾಗ ಎದುರಿಗೆ ವ್ಯಾನೊಂದು ಬಂತು. ಮೇಷ್ಟ್ರು ಮೇಡಮ್ಮಿನ ಕೈ ಹಿಡಿದೆಳೆದು, “ಬಾ ಬೇಗ, ನೋಡ್ಕೊಂಡು ನಡಿ,” ಎಂದರು.

ಆಚೆ ಬದಿ ತಲುಪಿದ ಮೇಲೆ ಮೇಡಂ ಕೈ ಬಿಡಿಸಿಕೊಳ್ಳಲಿಲ್ಲ. ಬನ್ನಿ ಅಲ್ಲ, ಬಾ. ಆ ಮಾತು ಬಾಯಿಂದ ಬಿದ್ದದ್ದು ಮೇಷ್ಟ್ರಿಗೆ ಗೊತ್ತೇ ಆಗಿರಲಿಲ್ಲ. ಹೇಳಿದರೆ ಎಲ್ಲಿ ಕ್ಷಮೆ ಕೇಳಿ ಮತ್ತೆ ‘ನೀವು’ಗೆ ಹೋಗಿಬಿಡುತ್ತಾರೋ ಎಂದು ಮೇಡಂ ತುಟಿಪಿಟಕ್ಕೆನ್ನದೆ ನಡೆದರು.

ಎರಡನೆಯ ತಿಂಡಿ ಮುಗಿಸಿದ ಮೇಲೆ ಇಬ್ಬರಿಗೂ ಏದುಸಿರು. ಒಡತಿಯ ಮುಖ ಮಾತ್ರ ಯಾಕೋ ಸಪ್ಪಗಿತ್ತು, ಒಂದು ಕುರ್ಚಿಯ ಕತೆಯೂ ಹೊರಡಲಿಲ್ಲ. ಅದನ್ನು ಯೋಚಿಸುವ ವ್ಯವಧಾನ ಇವರಿಗಿರಲಿಲ್ಲ. ತಡೆಗೋಡೆಯ ಪಕ್ಕ, ದಾರಿಯ ನಟ್ಟನಡುವೆ ಒಂದು ಬೆಂಚು ಸಿಕ್ಕಿತು. ಅಲ್ಲಿ ಕುಸಿದು ಕೂತು, ಚಪ್ಪಲಿ ಬಿಟ್ಟು, ಇಬ್ಬರೂ ಎರಡೂ ಹೋಟೆಲುಗಳನ್ನು ತಕ್ಕಡಿಗೆ ಹಾಕತೊಡಗಿದರು. ಹಾಸಿಗೆ ಅಲ್ಲಿ ಮೇಲು, ಬ್ರೆಡ್ಡು ಇಲ್ಲಿ ಮೇಲು. ಅಲ್ಲಿ ಯಾರೂ ಮಾತಾಡಿಸುವುದಿಲ್ಲ, ಇಲ್ಲಿ ಮಾತು ನಿಲ್ಲಿಸುವುದಿಲ್ಲ. ಅಲ್ಲಿ ಮುಖ ತೊಳೆಯಲು ಹೆದರಿಕೆ, ಎಲ್ಲಿ ಮುಟ್ಟಿದರೆ ಎಲ್ಲಿಂದ ನೀರು ಬರುತ್ತದೋ. ಇಲ್ಲಿ ದೀಪ ಆರಿಸುವ ಸ್ವಿಚ್ಚು ಕಪಾಟಿನ ಹಿಂದೆ.

ಹೀಗೆ ಲೋಕಾಭಿರಾಮ ಆಡುತ್ತಿದ್ದಾಗ ಮೇಡಮ್ಮಿನ ಬಾಯಿಂದ, ಎಷ್ಟೋ ದಿನದಿಂದ ಗಂಟಲಲ್ಲೇ ನಿಂತಿದ್ದ ಮಾತು ಹೊರಬಿತ್ತು.

“ನೀವು ನನ್ನನ್ನೂ ಹೀಗೇ ಹೋಲಿಸಿ ನೋಡ್ತೀರಾ? ಅವರ ಜೊತೆ?”

ಅವರು ಎಂದರೆ ಮೇಷ್ಟ್ರ ತೀರಿಹೋದ ಹೆಂಡತಿ. ಮೇಷ್ಟ್ರ ಬಲಗಾಲು ಮರಳಿನ ಮೇಲೆ ಒಮ್ಮೆ ಒತ್ತಿ, ಸುಮ್ಮನಾಯಿತು.

“ಮೊದಮೊದಲು ನೋಡ್ತಿದ್ದೆ,” ಎಂದರು. “ಸುಳ್ಳು ಯಾಕೆ ಹೇಳ್ಲಿ. ಅವಳು ಬಾಗಿಲು ಹಾಕಿದ್ರೆ ಸದ್ದೇ ಆಗ್ತಿರಲಿಲ್ಲ. ನೀವು ಹಾಕಿದ್ರೆ ಕೆಳಗಿನ ಅಂಗಡಿ ಬಾಟ್ಲಿಗಳು ಅಲುಗಾಡ್ತವೆ. ಆಮೇಲೆ ಒಂದಿನ ನೀವು ಊರಲ್ಲಿರಲಿಲ್ಲ. ಬಾಗಿಲ ಸದ್ದು ಕೇಳ್ತಿಲ್ವಲ್ಲ ಅಂತ ಕಾಯ್ತಾ ಕೂತಿದ್ದೆ. ಅವತ್ತಿಂದ ಹೋಲಿಸೋದು ಬಿಟ್ಟುಹೋಯ್ತು.”

ಮೇಡಂ ಕಡಲು ನೋಡಿದರು. ತಾವೂ ಹೋಲಿಸುತ್ತಿದ್ದುದು ನಿಜ. ಮೊದಲ ಗಂಡ ಮುಂಗೋಪಿ, ಆದರೆ ಹಾಡುತ್ತಿದ್ದ. ಇವರು ಶಾಂತ, ಆದರೆ ಒಮ್ಮೆ ಅಂಗಡಿಯಲ್ಲಿ ಗುನುಗಿದ್ದಕ್ಕೇ ಬೀದಿಯ ನಾಯಿಗಳು ಉತ್ತರ ಕೊಟ್ಟಿದ್ದವು. ಅದನ್ನೇ ಹೇಳಿದರು. ಮೇಷ್ಟ್ರು ಹೌದೇ ಎಂದು ಕೇಳಿ, ಪ್ರಯೋಗಕ್ಕೆಂದು ಒಂದು ಸಾಲು ಹಾಡಿಯೇ ಬಿಟ್ಟರು. ನಾಯಿ ಇರಲಿಲ್ಲ. ಕಡಲಕ್ಕಿಗಳು ಎದ್ದು ಹಾರಿದವು. ಮೇಡಮ್ಮಿಗೆ ನಗು ತಡೆಯಲಾಗದೆ ಬೆಂಚಿನಿಂದ ಜಾರುವಂತಾಯಿತು.

ಇತ್ತ ಊರಿನಲ್ಲಿ ಬೇರೆಯೇ ನಾಟಕ ನಡೆದಿತ್ತು. ಗೂಬೆಯ ಹಾಸಿಗೆ ಸುಕ್ಕಾಗದೆ ಇದ್ದುದನ್ನು ಕಂಡ ಒಡತಿ ಬೆಳಗ್ಗೆಯೇ ಮಗನಿಗೆ ಫೋನು ಮಾಡಿದ್ದರು. ಅವರ ಹೋಟೆಲಿನ ಚಿತ್ರಫಲಕ ಬಿಡಿಸಿಕೊಟ್ಟವನು ಅವನೇ ಆದ್ದರಿಂದ ಪರಿಚಯವಿತ್ತು. ಅತ್ತ ದೊಡ್ಡ ಹೋಟೆಲಿನವರು ಮಗಳಿಗೆ ಫೋನು ಮಾಡಿ, ನೀವು ಏರ್ಪಾಡು ಮಾಡಿದ್ದ ಬೆಳಗಿನ ಮಾಲೀಷಿಗೆ ದಂಪತಿಗಳು ಬರಲಿಲ್ಲ, ನಮ್ಮಿಂದೇನಾದರೂ ತಪ್ಪಾಯಿತೇ ಎಂದು ವಿನಯದಿಂದ ವಿಚಾರಿಸಿದ್ದರು. ಮಾಲೀಷಿನ ವಿಷಯ ಮಗಳು ಅಮ್ಮನಿಗೆ ಹೇಳಲು ಮರೆತಿದ್ದಳು ಎನ್ನುವುದು ಬೇರೆ ಮಾತು. ಮಗಳೂ ಮಗನೂ ಗಾಬರಿಯಾಗಿ ತಂತಮ್ಮ ಕೋಣೆಯಿಂದ ಒಟ್ಟಿಗೇ ಹೊರಬಂದರು. ಅವತ್ತು ಮೊದಲ ಬಾರಿಗೆ ಅವರ ಮಾತು ಬಚ್ಚಲಿನ ಬಾಗಿಲನ್ನು ದಾಟಿತು. ಎರಡು ಹೋಟೆಲು ಎಂದು ತಿಳಿದ ಕೂಡಲೇ ಇಬ್ಬರ ತಲೆಯಲ್ಲೂ ಒಂದೇ ಲೆಕ್ಕ: ಜಗಳವಾಗಿದೆ, ಒಬ್ಬರು ಅಲ್ಲಿ, ಒಬ್ಬರು ಇಲ್ಲಿ. ಫೋನು ಮಾಡಿದರೆ ಇಬ್ಬರೂ ಎತ್ತಲಿಲ್ಲ.

ಡ್ರೈವಿಂಗ್ ಸ್ಕೂಲಿನ ಕಾರನ್ನೇ ಹತ್ತಿ ಹೊರಟರು. ಕಲಿಸುವವರಿಗೆಂದು ಪಕ್ಕದ ಸೀಟಿಗೂ ಬ್ರೇಕ್ ಇರುವ ಕಾರು ಅದು. ಮಗನ ವೇಗ ನೋಡಿ ಹೆದರಿದ ಮಗಳು ಆ ಬ್ರೇಕಿನ ಮೇಲಿಂದ ಕಾಲನ್ನೇ ತೆಗೆಯಲಿಲ್ಲ. ಕಾರು ಕುಪ್ಪಳಿಸುತ್ತ ಕುಪ್ಪಳಿಸುತ್ತ ಕಡಲೂರು ತಲುಪುವಷ್ಟರಲ್ಲಿ ಇಬ್ಬರೂ ಮನಸಾರೆ ಜಗಳವಾಡಿ, ಬೈದುಕೊಂಡು, ಅರ್ಧ ದಾರಿಯಲ್ಲಿ ನಿಲ್ಲಿಸಿ ನಿಂಬೆ ಶರಬತ್ತು ಕುಡಿದು, ಒಂದು ರೀತಿಯ ಒಡಹುಟ್ಟಿದವರೇ ಆಗಿಬಿಟ್ಟಿದ್ದರು.

ದೊಡ್ಡ ಹೋಟೆಲಿನಲ್ಲಿ ಯಾರೂ ಇಲ್ಲ. ಪುಟ್ಟ ಹೋಟೆಲಿನಲ್ಲೂ ಇಲ್ಲ. ನಡುವಿನ ದಾರಿಯಲ್ಲಿ ಹುಡುಕುತ್ತ ಬಂದವರಿಗೆ ಬೆಂಚು ಕಂಡಿತು. ಮೇಷ್ಟ್ರು ಪ್ಯಾಂಟಿನ ಕಾಲು ಮಡಚಿ ನಿಂತು ಅಲೆಗಳಿಗೆ ಹಾಡು ಹೇಳುತ್ತಿದ್ದರು. ಮೇಡಂ ಕಿವಿ ಮುಚ್ಚಿಕೊಂಡು ನಗುತ್ತಿದ್ದರು.

ಮಗ ಅಲ್ಲೇ ನಿಂತುಬಿಟ್ಟ. ತಾಯಿ ಹೋದ ಮೇಲೆ ಅಪ್ಪ ಹಾಡಿದ್ದನ್ನು ಅವನು ಕೇಳಿರಲಿಲ್ಲ. ಅಪ್ಪನಿಗೆ ಹಾಡಲು ಬರುವುದಿಲ್ಲ ಎನ್ನುವುದೂ ಅವನಿಗೆ ಮರೆತೇ ಹೋಗಿತ್ತು.

“ಜಗಳ ಆಡಿಲ್ವಾ ನೀವು?” ಎಂದಳು ಮಗಳು.

ಪುರಸೊತ್ತೆಲ್ಲಿ ಎಂದರು ಮೇಡಂ. ಆಮೇಲೆ ತಪ್ಪಿತಸ್ಥರಂತೆ ಇಬ್ಬರೂ ಇದ್ದದ್ದನ್ನು ಇದ್ದ ಹಾಗೆ ಹೇಳಿದರು, ಎರಡು ತಿಂಡಿಯ ಸಮೇತ. ಕೇಳಿ ಮಗಳು ಮೊದಲು ಮುಖ ಊದಿಸಿದಳು, ಆಮೇಲೆ ನಕ್ಕಳು. ಮಗ ಮೆಲ್ಲಗೆ ಕೆಮ್ಮಿದ. ಮೇಡಂ ಅವನತ್ತ ತಿರುಗಿದರು.

“ಕಾಲು ನೋವು ಬಂದಿರ್ಬೇಕು ನಿಮಗೆ,” ಎಂದ ಅವನು. “ನನಗೊಂದು ಮಾತು ಹೇಳಿದ್ರೆ ಆಗ್ತಿತ್ತು. ನಾನೇನು ಬೇಜಾರು ಮಾಡ್ಕೋತಿರಲಿಲ್ಲ.”

“ಮಾಡ್ಕೋತಿದ್ದೆ ಕಣಪ್ಪ,” ಎಂದರು ಮೇಡಂ. ಅವನು ಸ್ವಲ್ಪ ಯೋಚಿಸಿ, ಹೌದೆಂದು ಒಪ್ಪಿಕೊಂಡ.

ಬಂದದ್ದೇ ಆಯಿತು, ಮಗಳೂ ಮಗನೂ ಎದುರಾಳಿಯ ಉಡುಗೊರೆ ಎಂಥದ್ದೆಂದು ನೋಡಲು ಹೊರಟರು. ತಪ್ಪು ಹುಡುಕಲೆಂದೇ ಹೋದವಳು ಮಗಳು. ಗೂಬೆಯ ಕೋಣೆಯ ತೊಟ್ಟಿಯನ್ನು ಕಂಡವಳೇ ಅದರ ಅಂಚು ಸವರುತ್ತ ನಿಂತಳು. ಬಾಗಿಲು ಬಡಿಯುವವರಿಲ್ಲದೆ ಎಷ್ಟು ಹೊತ್ತು ಬೇಕಾದರೂ ಮುಳುಗಿ ಕೂರಬಹುದಾದ ಬಚ್ಚಲು ಅವಳ ಕನಸಾಗಿತ್ತು. ಮೂಗು ಮುರಿಯುತ್ತ ದೊಡ್ಡ ಹೋಟೆಲು ಹೊಕ್ಕ ಮಗನನ್ನು ಹತ್ತು ನಿಮಿಷದ ಮೇಲೆ ಹುಡುಕಿದರೆ, ದಿಂಬಿನ ರಾಶಿಯ ನಡುವೆ ಅಂಗಾತ ಮಲಗಿ ಚಾವಣಿ ನೋಡುತ್ತಿದ್ದ. ಎರಡೂ ಕೋಣೆಗಳು ಮರುದಿನ ಮಧ್ಯಾಹ್ನದವರೆಗೆ ಇವರವೇ. ಸೋಮವಾರ ಇಬ್ಬರಿಗೂ ರಜೆ ಹಾಕುವ ಮನಸ್ಸಾಯಿತು.

ಹಾಗಾದರೆ ನೀವಿಬ್ಬರೂ ಎಲ್ಲಿ ಮಲಗುತ್ತೀರಿ ಎಂಬ ಪ್ರಶ್ನೆ ಬಂತು. ಮೇಡಂ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಮೇಡಮ್ಮಿನ ಮುಖ ನೋಡಿದರು. ಇಬ್ಬರಿಗೂ ಏಕಕಾಲಕ್ಕೆ ನೆನಪಾದದ್ದು ಅಂಗಡಿಯ ಮೇಲಿನ ಮನೆ. ಮೂರು ಕೋಣೆಯ ಆ ಮನೆಯಲ್ಲಿ ಆ ಗಳಿಗೆಯಲ್ಲಿ ನರಪಿಳ್ಳೆಯೂ ಇರಲಿಲ್ಲ.

ಕಾರಿನ ಕೀಲಿ ಇಸಿದುಕೊಂಡು, ಚೀಲಗಳನ್ನು ಎರಡೂ ಕಡೆಯಿಂದ ಒಟ್ಟು ಮಾಡಿ, ಇಬ್ಬರೂ ಹೊರಟೇಬಿಟ್ಟರು. ಸಂಜೆಯ ಬಿಸಿಲಿಗೆ ಮನೆ ತಲುಪಿದರು. ಮೇಡಂ ಬಾಗಿಲನ್ನು ಧಡಾರೆಂದು ಹಾಕಿದರು. ಮೇಷ್ಟ್ರು ಸೂಪು ಬಿಸಿಗಿಟ್ಟು, ಎರಡೇ ಬಟ್ಟಲು ತೆಗೆದರು. ಯಾರಿಗಾಗಿಯೂ ಕಾಯಬೇಕಾಗಿರಲಿಲ್ಲ, ದನಿ ತಗ್ಗಿಸಬೇಕಾಗಿರಲಿಲ್ಲ. ಮೇಡಂ ಸೋಫಾದ ಮೇಲೆ ಕಾಲು ಚಾಚಿ, ಉಪ್ಪು ತಗೊಂಡು ಬಾ ಎಂದು ಅಡುಗೆಮನೆಯ ಕಡೆಗೆ ಕೂಗಿ, ಕೂಗಿದ ಮೇಲೆ ತಾವೇ ನಾಲಿಗೆ ಕಚ್ಚಿಕೊಂಡರು. ಮೇಷ್ಟ್ರು ಏನೂ ಆಗದವರಂತೆ ಉಪ್ಪು ತಂದುಕೊಟ್ಟರು.

ಸೂಪು ಕುಡಿಯುತ್ತಿದ್ದಾಗ ಮಗಳ ಫೋನು ಬಂತು. ಪಕ್ಕದಲ್ಲಿ ಮಗನ ದನಿಯೂ ಕೇಳುತ್ತಿತ್ತು. ಇಬ್ಬರೂ ಅದೇ ಬೆಂಚಿನ ಮೇಲೆ ಕೂತು, ಯಾವ ಹೋಟೆಲು ಮೇಲು ಎಂದು ವಾದ ಮಾಡುತ್ತಿದ್ದರಂತೆ. ಇತ್ಯರ್ಥವಾಗಲು ಇನ್ನೂ ಒಂದು ದಿನ ಬೇಕಾಗಬಹುದು, ನಾಳೆ ರಾತ್ರಿಯೂ ಉಳಿಯಬಹುದೇ ಎಂದು ಮಗಳು ಕೇಳಿದಳು.

“ನಿಧಾನವಾಗಿ ನೋಡಿ ಬನ್ನಿ,” ಎಂದರು ಮೇಡಂ. “ಆ ಊರಲ್ಲಿ ಇನ್ನೂ ಬೇರೆ ಹೋಟೆಲುಗಳೂ ಇವೆಯಂತೆ.”