ತಲೆಕೆಳಗಾದ ಹ್ಯಾಂಡಲ್

ನಂಜುಂಡಯ್ಯನವರ ಬೆನ್ನು ಬಾಗಿದಂತೆಲ್ಲ, ಚಾಮರಾಜಪೇಟೆಯ ಸೈಕಲ್ ಶಾಪಿನ ಪ್ರಭುದೇವ ಅವರ ಸೈಕಲ್ಲಿನ ಹ್ಯಾಂಡಲ್ಲನ್ನು ಇಳಿಸುತ್ತಾ ಬಂದಿದ್ದ. ಕೊನೆಗೆ ರೇಸ್ ಸೈಕಲ್ಲಿನ ಹಾಗೆ ತಲೆಕೆಳಗಾಗಿಯೇ ತಿರುಗಿಸಿ ಕೂರಿಸಿದ. ನಡೆಯುವಾಗ ಗೂನಬೆನ್ನು ನೋಡಿ ಮರುಗುವ ಬೀದಿಯವರೇ, ಸೈಕಲ್ ಮೇಲೆ ಕಂಡರೆ "ಏನ್ ರೇಸು ಯಜಮಾನ್ರೇ!" ಅನ್ನೋರು. ಅವರು ತಲೆಯೆತ್ತಿ ಬೀಗೋರು.

ಅವರ ಲಿಂಗಾಯತ ಜನರಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುವುದು. ಇವತ್ತು ತೀರಿಕೊಂಡ ನಂಜುಂಡಯ್ಯನವರನ್ನು ಗೋಡೆಗೆ ಒರಗಿಸಿದರೆ ಹಾಳು ಬೆನ್ನು ನೆಟ್ಟಗಾಗದೆ, ಹೆಣ ಮುಂದಕ್ಕೆ ಮುಗ್ಗರಿಸುತ್ತಿತ್ತು. ನೆಂಟರು ಭುಜ ಹಿಡಿದು ಹಿಂದಕ್ಕೆ ಅದುಮಿದರು. ಒಳಗೇನೋ ಲಟಕ್ಕೆಂದಿತು.

"ಮುರೀತೀರೇನ್ರೋ!" ಹೆಂಡತಿ ಬಸವಮ್ಮ ಅರಚಿದರು. "ಪ್ರಭು, ಆ ಹ್ಯಾಂಡಲ್ ಬಿಚ್ಕೊಂಡ್ ಬಾರಪ್ಪಾ."

ಪ್ರಭುದೇವ ಅದನ್ನು ಮಣೆಯೊಂದಕ್ಕೆ ಬಿಗಿದು ಮುಂದಿಟ್ಟು, ತಣ್ಣಗಿದ್ದ ಕೈಗಳನ್ನು ಹಿಡಿಗಳ ಮೇಲೆ ಊರಿಸಿದ. ಹೆಣ ಬೀಳದೆ ಕೂತಿತು, ಸೈಕಲ್ ಮೇಲೆ ಕೂತ ಹಾಗೇ. ತಲೆ ಮಾತ್ರ ಮೇಲೇಳಲಿಲ್ಲ.