ದುಂಡಣ್ಣನಿಗೆ ಸಿಟ್ಟು ಬಂದ ದಿನ

ದಿನಾ ಸಂಜೆ ಟಿವಿಯಲ್ಲಿ ಬರುವ ಆ ಕಾರ್ಟೂನಿನಲ್ಲಿ ಐದು ಜನ ಮಹಾವೀರರಿದ್ದಾರೆ. ಊರನ್ನು ಕಾಪಾಡುವುದು ಅವರ ಕೆಲಸ. ಕಾಪಾಡುವ ಭರದಲ್ಲಿ ಅರ್ಧ ಊರನ್ನು ಕೆಡವಿ ಹಾಕುತ್ತಾರೆ, ಆ ಮಾತು ಬೇರೆ. ಹೊಡೆದಾಟವೆಲ್ಲ ಮುಗಿದ ಮೇಲೆ ಧೂಳಿನ ನಡುವಿನಿಂದ ಹಂಡೆಯಂತೆ ದುಂಡಗಿರುವ ಒಂದು ರೋಬೋ ಉರುಳುತ್ತ ಬರುತ್ತದೆ. ಗಾಯಕ್ಕೆ ಪಟ್ಟಿ ಕಟ್ಟಿ, ತಲೆ ಸವರಿ, "ನೋವು ಎಲ್ಲಿದೆ, ಕಂದಾ?" ಎಂದು ಕೇಳುತ್ತದೆ. ಯಾರನ್ನೂ ಗದರುವುದಿಲ್ಲ, ಯಾರನ್ನೂ ಒತ್ತಾಯಿಸುವುದಿಲ್ಲ. ಅದರ ಹೆಸರು ದುಂಡಣ್ಣ.

ಈ ದುಂಡಣ್ಣನಿಗೆ ದನಿ ಕೊಡುತ್ತಿದ್ದವನಷ್ಟು ಮುಂಗೋಪಿ ಆ ಬೀದಿಯಲ್ಲೇ ಇನ್ನೊಬ್ಬನಿರಲಿಲ್ಲ. ಲಿಫ್ಟ್ ತಡವಾದರೆ ಲಿಫ್ಟಿಗೆ ಬೈಯುತ್ತಿದ್ದ, ಹಾಲು ಉಕ್ಕಿದರೆ ಹಾಲಿಗೆ. ಸ್ಟುಡಿಯೋದ ಗಾಜಿನ ಗೂಡಿನಲ್ಲಿ ನಿಂತು "ನೋವು ಎಲ್ಲಿದೆ, ಕಂದಾ?" ಎಂದು ಬೆಣ್ಣೆಯಂತೆ ಹೇಳಿ, ಅದೇ ಉಸಿರಿನಲ್ಲಿ "ಯಾವನಯ್ಯ ಅವನು ಬಾಗಿಲು ಬಡಿದಿದ್ದು?" ಎಂದು ಅರಚುತ್ತಿದ್ದ. ಎರಡನೆಯದನ್ನು ಕತ್ತರಿಸಿ ಎಸೆಯುವುದು ಸೌಂಡ್ ಎಂಜಿನಿಯರನ ದಿನದ ಅರ್ಧ ಕೆಲಸ. ಹೊರಗೆ ಕೂತ ಡೈರೆಕ್ಟರು ಮಾತ್ರ "ಪ್ರೀತಿ ಸಾಲ್ದು, ಇನ್ನೊಂದು ಚಮಚ ಹಾಕಿ" ಎನ್ನುತ್ತಿದ್ದರು, ಪ್ರೀತಿ ಸಕ್ಕರೆ ಡಬ್ಬಿಯಲ್ಲಿರುತ್ತದೆ ಎಂಬಂತೆ. ಈ ಕಸುಬಿಗೆ ಕಂಠದಾನ ಎಂದು ಹೆಸರು. ಅದನ್ನು ಅಕ್ಷರಶಃ ದಾನವೆಂದೇ ನಂಬಿದ್ದವರು ಸ್ಟುಡಿಯೋದ ಮಾಲೀಕರು.

ಇವನ ಅತ್ತೆ ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದವರು. ತಲೆಮಾರುಗಟ್ಟಲೆ ಮಕ್ಕಳನ್ನು ಬಿಸಿಲಲ್ಲಿ ಓಡಿಸಿ ನಿವೃತ್ತರಾದವರು. ಮದುವೆಯಾದ ಹೊಸತರಲ್ಲಿ, ಊಟಕ್ಕೆ ಕೂತಾಗ, "ಅಳಿಯಂದ್ರು ಕೆಲಸ ಅಂತ ಏನು ಮಾಡ್ತೀರಿ?" ಎಂದು ಕೇಳಿದ್ದರು. "ಕಾರ್ಟೂನಿಗೆ ಮಾತಾಡ್ತೀನಿ" ಎಂದಿದ್ದ. "ಅಂದ್ರೆ ಬೊಂಬೆಗಳ ಪರವಾಗಿ ಕೂಗೋದು" ಎಂದರು ಅತ್ತೆ. ಅಳಿಯನ ಬಾಯಿ ಸುಮ್ಮನಿರುವಂಥದ್ದಲ್ಲ. "ಹೌದತ್ತೆ, ಸೀಟಿ ಊದಿ ಸಂಸಾರ ನಡೆಸೋ ಅದೃಷ್ಟ ಎಲ್ಲರಿಗೂ ಇರುತ್ತಾ?" ಎಂದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಒಂದೇ ಸೋಫಾದ ಎರಡು ತುದಿಯಲ್ಲಿ ಕೂತು, "ಅವರಿಗೆ ಫ್ಯಾನ್ ಕಮ್ಮಿ ಮಾಡೋಕೆ ಹೇಳು", "ಕಮ್ಮಿ ಮಾಡಿದ್ರೆ ನಂಗೆ ಸೆಕೆ ಅಂತ ಅವರಿಗೆ ಹೇಳು" ಎಂದು ನಡುವೆ ಕೂತ ಇವನ ಹೆಂಡತಿಯ ಮೂಲಕ ಬಹುವಚನದಲ್ಲಿ ಜಗಳವಾಡುತ್ತಿದ್ದರು. ಗೌರವಕ್ಕೇನೂ ಕೊರತೆಯಿರಲಿಲ್ಲ.

ಹೀಗಿರುವಾಗ ಅತ್ತೆ ತಮ್ಮ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಒಬ್ಬರೇ ಇರುವವರು, ಎಲ್ಲಿಗೆ ಹೋಗಬೇಕು? ಮಗಳ ಮನೆಗೆ ಬಂದರು. ಅಡುಗೆಮನೆಯ ಪಕ್ಕದ ರೂಮಿನಲ್ಲಿ ಮಂಚ ಹಾಕಿಸಿದರು, ಮಂಚದ ಬಳಿ ನಾಲ್ಕು ಕಾಲಿನ ವಾಕರ್ ಇಟ್ಟರು. ಅತ್ತೆ ಅದನ್ನು ಟವೆಲ್ ಒಣಗಿಸಲು ಬಳಸಿದರು. ನಡೆಯಲೊಲ್ಲರು. ಮಾತ್ರೆ ನುಂಗಲೊಲ್ಲರು. ಫಿಸಿಯೋಥೆರಪಿಸ್ಟ್ ಬಂದು ಕಾಲು ಎತ್ತಿ ಅಂದರೆ, "ನಂಗೇ ವ್ಯಾಯಾಮ ಹೇಳಿಕೊಡ್ತೀಯಾ?" ಎಂದು ಅವನನ್ನೇ ನೆಟ್ಟಗೆ ನಿಲ್ಲಿಸಿ ಕಳಿಸಿದರು. ದಿನವಿಡೀ ಟಿವಿ. ಅದರಲ್ಲೂ ಸಂಜೆಯ ಕಾರ್ಟೂನು ತಪ್ಪಿಸುವಂತಿಲ್ಲ. ದುಂಡಣ್ಣ ಬಂದರೆ ಅವರ ಮುಖ ಅರಳುತ್ತಿತ್ತು.

"ನೋಡು, ಎಷ್ಟು ಹಿತವಾಗಿ ಮಾತಾಡುತ್ತೆ! ಮನುಷ್ಯರು ಕಲೀಬೇಕು" ಎಂದು ಗೋಡೆಯಾಚೆ ಕೇಳುವಷ್ಟು ಜೋರಾಗಿ ಹೇಳುತ್ತಿದ್ದರು. ಗೋಡೆಯಾಚೆ ದುಂಡಣ್ಣ ಹಲ್ಲು ಕಡಿಯುತ್ತಿದ್ದ.

ಉಪಾಯ ಹೆಂಡತಿಯದು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು; ಒಪ್ಪದ ಗಿರಾಕಿಗೆ ಒಪ್ಪಿಸುವುದು ಅವಳಿಗೆ ಹೊಸದಲ್ಲ. ಸ್ಟುಡಿಯೋದವರು ಉಡುಗೊರೆ ಕೊಟ್ಟ ದುಂಡಣ್ಣನ ಬೊಂಬೆಯ ಹೊಟ್ಟೆ ಬಿಚ್ಚಿ ಒಳಗೊಂದು ಪುಟ್ಟ ಮೈಕು, ಸ್ಪೀಕರ್ ಕೂರಿಸಿದಳು. "ನೀವು ಅಡುಗೆಮನೆಯಲ್ಲಿ ನಿಂತು ಫೋನಲ್ಲಿ ಮಾತಾಡಿ, ಅದರ ಹೊಟ್ಟೆಯಿಂದ ಕೇಳುತ್ತೆ. ಅಮ್ಮ ಹೇಳೋದು ನಿಮಗೂ ಕೇಳುತ್ತೆ."

"ನಾನು? ಅವರ ಜೊತೆ? ಸಾಧ್ಯವೇ ಇಲ್ಲ."

"ಅವರು ನಡೆದರೆ ತಾನೇ ವಾಪಸ್ ಮನೆಗೆ ಹೋಗೋದು?"

ಅವನು ತಕ್ಷಣ ಒಪ್ಪಿದ. ಕರುಣೆ ಹುಟ್ಟಲು ಇಂಥ ಕಾರಣಗಳೂ ಸಾಕು.

ಮಾರನೆಯ ಮಧ್ಯಾಹ್ನ, ಮಗಳು ಕೆಲಸಕ್ಕೆ ಹೋದ ಮೇಲೆ, ಮೇಜಿನ ಮೇಲಿದ್ದ ಬೊಂಬೆ ಮಾತಾಡಿತು: "ನೋವು ಎಲ್ಲಿದೆ, ಅಮ್ಮಾ?"

ಅತ್ತೆ ಬೆಚ್ಚಲಿಲ್ಲ. ಬಟ್ಟೆ ಒಗೆಯುವ ಮಷಿನ್ನೇ ಹಾಡು ಹೇಳುವ ಕಾಲದಲ್ಲಿ ಬೊಂಬೆ ಮಾತಾಡಿದರೆ ಏನು ವಿಶೇಷ? "ಒಂದು ನೋವು ಸೊಂಟದಲ್ಲಿದೆ" ಎಂದರು. "ಇನ್ನೊಂದು ಈ ಮನೇಲೇ ಓಡಾಡ್ಕೊಂಡಿದೆ, ನನ್ನ ಅಳಿಯ."

ಸಿಂಕಿನ ಪಕ್ಕ ನಿಂತಿದ್ದ ಅಳಿಯ ಕಣ್ಣು ಮುಚ್ಚಿ, ಹೊಟ್ಟೆಯಾಳದಿಂದ ಬೆಣ್ಣೆ ತೆಗೆದು, "ನಿಮ್ಮ ಕಷ್ಟ ನನಗೆ ಅರ್ಥವಾಗುತ್ತೆ, ಅಮ್ಮಾ" ಎಂದ. ಅಷ್ಟು ಒಳ್ಳೆಯ ಟೇಕ್ ಅವನು ಸ್ಟುಡಿಯೋದಲ್ಲೂ ಕೊಟ್ಟಿರಲಿಲ್ಲ.

ಅಲ್ಲಿಂದ ಅತ್ತೆ ಹೊತ್ತುಹೊತ್ತಿಗೆ ಮಾತ್ರೆ ನುಂಗಿದರು, ಊಟ ಮಾಡಿದರು, ತಲೆ ಬಾಚಿಕೊಂಡರು. ರೆಕಾರ್ಡಿಂಗ್ ಇಲ್ಲದ ಮಧ್ಯಾಹ್ನಗಳಲ್ಲಿ ದುಂಡಣ್ಣನ ಮುಂದೆ ಅಳಿಯನ ಗುಣಗಾನ ನಡೆಯುತ್ತಿತ್ತು. ಅವನ ಗೊರಕೆ, ಅವನ ಹೊಟ್ಟೆ, ಅವನು ಚಪ್ಪಲಿ ಬಿಡುವ ರೀತಿ. ದುಂಡಣ್ಣ ಎಲ್ಲಕ್ಕೂ ಹೂಂಗುಟ್ಟಿದ. ನಡೆಯುವ ಮಾತೆತ್ತಿದರೆ ಮಾತ್ರ, "ನೀನು ಯಾರನ್ನೂ ಬಲವಂತ ಮಾಡಲ್ಲ ಅಲ್ವಾ, ದುಂಡಣ್ಣ?" ಎನ್ನುತ್ತಿದ್ದರು. ಮಾಡುವುದಿಲ್ಲ ಎಂದು ಕಥೆಯಲ್ಲಿ ಬರೆದಾಗಿತ್ತಲ್ಲ, ಅವನೇನು ಮಾಡಿಯಾನು? "ನಿಮಗೆ ಮನಸ್ಸು ಬಂದಾಗ ಸಾಕಮ್ಮಾ" ಎಂದು ಹೇಳಿ ಫೋನನ್ನು ಕಚ್ಚುವುದೊಂದು ಬಾಕಿ.

ಒಂದು ದಿನ ಅವರು ಅಳಿಯನ ವಿಷಯ ಎತ್ತಲೇ ಇಲ್ಲ. "ಅವತ್ತು ಬಚ್ಚಲಲ್ಲಿ ಬಿದ್ದೆನಲ್ಲ" ಎಂದರು. "ಬೆಳಿಗ್ಗೆ ಬಿದ್ದವಳು ಮಧ್ಯಾಹ್ನದ ತನಕ ಅಲ್ಲೇ ಇದ್ದೆ. ಕೂಗಿದೆ. ಇಡೀ ಮೈದಾನಕ್ಕೆ ಕೇಳೋ ಗಂಟಲು ನಂದು. ಪಕ್ಕದ ಮನೆಯವರಿಗೆ ಕೇಳಿಸ್ಲಿಲ್ಲ. ಮಗಳಿಗೆ, ಬಿದ್ದ ತಕ್ಷಣ ಯಾರೋ ಬಂದ್ರು ಅಂತ ಹೇಳಿದೀನಿ. ಈಗ ಕಾಲು ನೆಲಕ್ಕಿಟ್ಟರೆ ಸಾಕು, ಆ ಟೈಲ್ಸಿನ ಥಂಡಿ ಬೆನ್ನಿಗೆ ಹತ್ತುತ್ತೆ. ಹೆದರಿಕೆ ಕಣಪ್ಪಾ."

ಅತ್ತೆ ಕೈ ಚಾಚಿ ಬೊಂಬೆಯ ಹೊಟ್ಟೆ ತಟ್ಟಿದರು.

"ಯಾಕೆ, ಬ್ಯಾಟರಿ ಹೋಯ್ತಾ?"

ಅಡುಗೆಮನೆಯಲ್ಲಿ ಅವನು ನಲ್ಲಿಯನ್ನು ಸುಮ್ಮನೆ ತಿರುಗಿಸುತ್ತ ನಿಂತಿದ್ದ. ಯಾರೋ ಬರೆದುಕೊಟ್ಟ ಕರುಣೆಯ ಮಾತುಗಳು ಅವನ ಬಳಿ ರಾಶಿ ಇದ್ದವು. ಆ ಹೊತ್ತಿಗೆ ಒಂದೂ ಹೊಂದಲಿಲ್ಲ. "ಇಲ್ಲಮ್ಮಾ, ಇದೀನಿ" ಎಂದ, ಅಷ್ಟೇ.

ಅವನು ಮೆತ್ತಗಾದ ಎಂದು ಯಾರಾದರೂ ಅಂದುಕೊಂಡರೆ ಅದು ತಪ್ಪು. ಮರುವಾರ ಸ್ಟುಡಿಯೋದಲ್ಲಿ ಪ್ರೀತಿ ಸಾಲದೆಂದು ಬೈಸಿಕೊಂಡು ಮನೆಗೆ ಬಂದ ದಿನವೇ ಅತ್ತೆ ದುಂಡಣ್ಣನಿಗೆ ಹೇಳಿದರು: "ನಮ್ಮ ಅಳಿಯಾನೂ ಕಾರ್ಟೂನಿಗೆ ಕೂಗ್ತಾನಂತೆ. ಯಾವ ಪಾತ್ರ ಅಂತ ನಾನು ಕೇಳಿಲ್ಲ. ಕತ್ತೆದೇ ಇರಬೇಕು. ನೀನಾದರೂ ಮರ್ಯಾದಸ್ಥ."

"ಹೌದಮ್ಮಾ, ಕತ್ತೆದೇ!" ಬೊಂಬೆಯ ಹೊಟ್ಟೆಯೊಳಗಿನಿಂದ ಅಳಿಯನ ಸ್ವಂತ ದನಿ ಸಿಡಿಯಿತು. "ಆ ಕತ್ತೆನೇ ಇಷ್ಟು ದಿನ ನಿಮಗೆ ಮಾತ್ರೆ ನುಂಗಿಸಿದ್ದು! ಊರ ಮಕ್ಕಳನ್ನೆಲ್ಲ ಓಡಿಸಿದ ಡ್ರಿಲ್ ಟೀಚರ್ ಅಂತೆ! ಮಂಚದಿಂದ ಬಾಗಿಲಿನ ತನಕ ಬರೋಕೆ ಧೈರ್ಯ ಇಲ್ಲ, ಮಲಗಿದಲ್ಲೇ ಊರವರಿಗೆಲ್ಲ ಮಾರ್ಕ್ಸ್ ಹಾಕ್ತೀರಿ!"

ಟವೆಲ್ ನೆಲಕ್ಕೆ ಬಿದ್ದ ಸದ್ದಾಯಿತು. ಆಮೇಲೆ ಟಕ್. ಸ್ವಲ್ಪ ಬಿಟ್ಟು ಮತ್ತೆ ಟಕ್. ಅವನು ಫೋನು ಹಿಡಿದುಕೊಂಡೇ ನಿಂತ. ಅಡುಗೆಮನೆಯ ಬಾಗಿಲಲ್ಲಿ ಮೊದಲು ವಾಕರ್, ಅದರ ಹಿಂದೆ ಅತ್ತೆ ಕಾಣಿಸಿಕೊಂಡರು. ಮುಖ ಕೆಂಡವಾಗಿತ್ತು.

"ಯಾರಿಗೋ ಧೈರ್ಯ ಇಲ್ಲ ಅಂದೆ?"

ಅವನ ಮುಖದೆದುರಿಗೆ ಮೊದಲ ಸಲ ಏಕವಚನ. ಉತ್ತರ ಕೊಡಲು ಬಾಯಿ ತೆರೆದವನು ವಾಕರ್ ಒಂದು ಕಡೆಗೆ ವಾಲುವುದನ್ನು ಕಂಡ. ಹಿಡಿಯಲು ಮುಂದೆ ಬಂದ.

"ಮುಟ್ಟಬೇಡ! ಕುರ್ಚಿ ತಾ."

ತಂದ. ಕೂತರು. ಕೋಪ ಇಳಿದ ಹಾಗೆ ಅವರ ಮುಖದಲ್ಲಿ ಬೇರೇನೋ ಏರಿತು.

"ನಾನು ಹೇಳಿದ್ದೆಲ್ಲ ನೀನೇ ಕೇಳಿಸ್ಕೊಂಡ್ಯಾ?"

"ಹೂಂ."

"ಬಚ್ಚಲದ್ದೂ?"

"ಹೂಂ."

ಅವರು ತಲೆ ತಗ್ಗಿಸಿದರು. ಅಷ್ಟು ಚಿಕ್ಕದಾಗಿ ಅವರನ್ನು ಅವನು ಎಂದೂ ನೋಡಿರಲಿಲ್ಲ. "ಮೋಸ ಮಾಡಿದ್ರಲ್ಲ, ಇಬ್ಬರೂ ಸೇರಿ" ಎಂದರು. ಅವನಿಗೆ ನಾಚಿಕೆಯಾಯಿತು. ಅವನ ಮಟ್ಟಿಗೆ ಅದು ಅಪರೂಪದ ಅನುಭವ.

"ಅದನ್ನ ನಾನು ಯಾರಿಗೂ ಹೇಳಿಲ್ಲ ಅತ್ತೆ" ಎಂದ. "ಅವಳಿಗೂ."

ಅತ್ತೆ ಅವನ ಮುಖ ನೋಡಿದರು. "ಹೇಳಬೇಡ."

"ಹೇಳಲ್ಲ."

"ಸರಿ. ಟೀ ಇಡು. ಸಕ್ಕರೆ ಕಮ್ಮಿ. ಮತ್ತೆ ಆ ಬೊಂಬೆ ದನಿ ನನ್ನ ಮುಂದೆ ತೆಗೀಬೇಡ, ವಾಕರಿಕೆ ಬರುತ್ತೆ."

ಸಂಜೆ ಮನೆಗೆ ಬಂದ ಹೆಂಡತಿ, ತಾಯಿ ಅಡುಗೆಮನೆಯಲ್ಲಿ ಕೂತಿದ್ದನ್ನು ಕಂಡು, ತನ್ನ ಉಪಾಯ ಫಲಿಸಿತೆಂದು ಅಂಗಡಿಯವರಿಗೆಲ್ಲ ಫೋನು ಮಾಡಿದಳು. ಮರುದಿನ ಬಂದ ಫಿಸಿಯೋಥೆರಪಿಸ್ಟ್ ತನ್ನ ವ್ಯಾಯಾಮ ಫಲಿಸಿತೆಂದ. ಅತ್ತೆ ಮಾತ್ರ ದಿನಾ ಮಂಚದಿಂದ ಎದ್ದು ಹಜಾರ ದಾಟಿ ಬಂದು ಅಳಿಯನಿಗೆ ಬೈದು ಹೋಗುತ್ತಿದ್ದರು. ಅವನೂ ಅವರಿಗೆ ಬೈಯಲು ಏನಾದರೊಂದು ಸಿಗುವಂತೆ ನೋಡಿಕೊಳ್ಳುತ್ತಿದ್ದ. ಒದ್ದೆ ಟವೆಲನ್ನು ಬೇಕೆಂದೇ ದೂರದ ಕುರ್ಚಿಯ ಮೇಲೆ ಎಸೆಯುತ್ತಿದ್ದ.

ವಾಕರ್ ಹೋಗಿ ಕೈಗೆ ಕೋಲು ಬಂದ ಮೇಲೆ, ಎಷ್ಟು ಹೇಳಿದರೂ ಕೇಳದೆ, ಅವರು ತಮ್ಮ ಮನೆಗೆ ಹೊರಟರು. ಹೋಗುವ ಮುಂಚೆ ಅವನೇ ಹೋಗಿ ಆ ಬಚ್ಚಲಿನ ಗೋಡೆಗೆ ಹಿಡಿ ಹಾಕಿಸಿ, ನೆಲಕ್ಕೆ ಒರಟು ಟೈಲ್ಸ್ ಮಾಡಿಸಿ ಬಂದಿದ್ದ. "ಬಣ್ಣ ಚೆನ್ನಾಗಿಲ್ಲ" ಎಂದರು ಅತ್ತೆ. ದಿನಾ ಬೆಳಿಗ್ಗೆ ಅವನು ಫೋನು ಮಾಡುತ್ತಿದ್ದ, ಜಗಳಕ್ಕೆ ಯಾವುದಾದರೂ ನೆಪ ಹಿಡಿದು. ಅವರು ಬೈದು ಇಟ್ಟರೆ ಇವನು ನೆಮ್ಮದಿಯಾಗಿ ತಿಂಡಿ ತಿನ್ನುತ್ತಿದ್ದ.

ಒಂದು ಬೆಳಿಗ್ಗೆ ಅವರು ಫೋನು ತೆಗೆಯಲಿಲ್ಲ. ಮತ್ತೆ ಮಾಡಿದ, ತೆಗೆಯಲಿಲ್ಲ. ರೆಕಾರ್ಡಿಂಗ್ ಬಿಟ್ಟು, ದಾರಿಯ ಸಿಗ್ನಲುಗಳಿಗೆಲ್ಲ ಬೈಯುತ್ತ ಸ್ಕೂಟರ್ ಓಡಿಸಿದ. ಮನೆಗೆ ಬೀಗ. ಮೇಲಿನಿಂದ ಸೀಟಿಯ ಸದ್ದು ಕೇಳಿ ಮೆಟ್ಟಿಲು ಹತ್ತಿ ಓಡಿದ. ತಾರಸಿಯ ಮೇಲೆ ಆ ಕಟ್ಟಡದ ವಯಸ್ಸಾದವರೆಲ್ಲ ಸಾಲಾಗಿ ಕೈ ಚಾಚಿ ನಿಂತಿದ್ದರು. ಎದುರಿಗೆ ಕೋಲು ಹಿಡಿದು ಅತ್ತೆ.

"ಫೋನು ಎಲ್ಲಿಟ್ಟಿದ್ದೀರಿ? ಜೀವ ಹೋಗಿತ್ತು ನಂದು!" ಎಂದು ಅರಚಿದ.

"ಡ್ರಿಲ್ ಹೊತ್ತಲ್ಲಿ ಫೋನಾ?" ಅತ್ತೆ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಬೆವರು, ಏದುಸಿರು, ಒಂದೇ ಕಾಲಿಗೆ ಚಪ್ಪಲಿ. ದನಿ ಸ್ವಲ್ಪ ತಗ್ಗಿತು. "ನೋಡು ಎಷ್ಟು ಮೇಲುಸಿರು. ಆ ಹೊಟ್ಟೆ ಹೊತ್ಕೊಂಡು ಮೆಟ್ಟಿಲು ಓಡ್ತಾರಾ? ಬಂದವನು ಸುಮ್ಮನೆ ನಿಂತ್ಕೋಬೇಡ, ಹಿಂದಿನ ಸಾಲಿಗೆ ಹೋಗು."

ಅವನು ಉಳಿದ ಚಪ್ಪಲಿಯನ್ನೂ ಬಿಟ್ಟು, ಗೊಣಗುತ್ತಲೇ ಹಿಂದಿನ ಸಾಲಿನಲ್ಲಿ ನಿಂತು, ಕೈ ಚಾಚಿದ.